ಮೆನು ಕಾರ್ಡ್ ಅಮ್ಮನ ಕೈಗೆ ಕೊಡಿ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಕರಾವಳಿ ಮಕ್ಕಳಿಗೆಲ್ಲ ಒಂದು ಆಸೆ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದಾಗ ಒಮ್ಮೆಯಾದರೂ ದೊಡ್ಡ ಸೀಫುಡ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಬೇಕು. ಬಟ್ಟೆ ಹಾಸಿದ ಟೇಬಲ್, ಐಸ್ ಮೇಲೆ ಜೋಡಿಸಿಟ್ಟ ಮೀನು, ಬಾಗಿಲಲ್ಲೇ ನಮಸ್ಕಾರ ಮಾಡುವ ಮ್ಯಾನೇಜರ್, ಎಲ್ಲ ತೋರಿಸಬೇಕು. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಅಪ್ಪನ ನಿವೃತ್ತಿ, ನಮ್ಮ ಪ್ರಮೋಷನ್... ನೆಪ ಯಾವುದಾದರೂ ಆದೀತು.

ಆದರೆ ಅಲ್ಲಿ ಹೋಗಿ ಕೂತ ಮೇಲೆ ನಡೆಯುವುದೇ ಬೇರೆ. ಮೆನು ಓದುವವರು ನಾವು, ಆರ್ಡರ್ ಮಾಡುವವರು ನಾವು, ಬಿಲ್ ಕೊಡುವವರೂ ನಾವೇ. ಮೂರ್ನಾಲ್ಕು ದಶಕ ಮೀನು ಆರಿಸಿ, ಚೌಕಾಸಿ ಮಾಡಿ, ಕೊಯ್ದು, ತೊಳೆದು, ಮಸಾಲೆ ಅರೆದು ಹಾಕಿದ ಅಮ್ಮ ಮಾತ್ರ ಮೂಲೆಯ ಕುರ್ಚಿಯಲ್ಲಿ ಕೂತು "ನಿಮಗೆ ಯಾವುದು ಬೇಕೋ ಅದೇ ಹೇಳಿ" ಅನ್ನುತ್ತಾರೆ. ಆ ಟೇಬಲ್‌ನಲ್ಲಿ ಮೀನಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವವರನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ.

ನಮ್ಮ ಮನೆ ಮಲ್ಪೆಯ ಹತ್ತಿರ. ಕಳೆದ ಜೂನ್ 5ಕ್ಕೆ ಅಪ್ಪ ಅಮ್ಮನ ಮದುವೆಗೆ 35 ವರ್ಷ ತುಂಬಿತು. ಅದರ ಹಿಂದಿನ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿತು, ಹಿಡಿತ ಮಾತ್ರ ಮೊದಲಿನಂತೆ ಬರಲಿಲ್ಲ. ಮೆಟ್ಟುಕತ್ತಿಯ ಮುಂದೆ ಕೂತು ಅಂಜಲ್ ಕೊಯ್ಯುವುದು ಆಗುವುದಿಲ್ಲ. ಈಗ ಅಪ್ಪ ಪೇಟೆಯಿಂದ ಕೊಯ್ಯಿಸಿಕೊಂಡೇ ತರುತ್ತಾರೆ. ಅಮ್ಮ ಚೀಲ ಬಿಚ್ಚಿ ನೋಡಿ, "ಇಷ್ಟು ದಪ್ಪ ಕೊಯ್ದರೆ ಉಪ್ಪು ಖಾರ ಹಿಡಿಯುವುದು ಹೇಗೆ?" ಅನ್ನುತ್ತಾರೆ. ಮೀನು ಕೆಟ್ಟದ್ದೇನೂ ಇರುವುದಿಲ್ಲ. ಅವರಿಗೆ ಬೇಜಾರು ಬೇರೆಯದು ಅಂತ ನಮಗೆಲ್ಲ ಗೊತ್ತು. ಹಾಗಾಗಿ, "ಈ ಸಲ ನೀವು ಅಡುಗೆ ಮಾಡುವುದು ಬೇಡ, ಹೊರಗೆ ಹೋಗುವ" ಎಂದು ಹೇಳಲಿಕ್ಕೆ ನನಗೂ ತಮ್ಮನಿಗೂ ಸ್ವಲ್ಪ ಹೆದರಿಕೆಯೇ ಇತ್ತು. ಅಡುಗೆಮನೆಯಿಂದ ನಿವೃತ್ತಿ ಕೊಟ್ಟರು ಅಂತ ಅಂದುಕೊಂಡುಬಿಟ್ಟರೆ?

ಮೀನಿಗೂ ಮುಹೂರ್ತ

ಮೊದಲ ತೊಂದರೆ ದಿನಾಂಕದ್ದು. ಕರಾವಳಿಯಲ್ಲಿ ಮದುವೆಗಳು ಮಳೆಗೆ ಮುಂಚೆ, ಮೇ ಕೊನೆ ಜೂನ್ ಶುರುವಿನ ತನಕ ನಡೆಯುತ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಶುರುವಾಗುವುದೂ ಜೂನ್ 1ಕ್ಕೇ. ಜುಲೈ 31ರ ತನಕ, ಅಂದರೆ 61 ದಿನ, ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಬೋಟುಗಳೆಲ್ಲ ದಡದಲ್ಲಿ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಕೆರಳಿರುತ್ತದೆ. ನಾಡದೋಣಿಯವರು ಕಡಲು ಬಿಟ್ಟುಕೊಟ್ಟ ದಿನ ಹೋಗಿ ಬರುತ್ತಾರೆ, ಆದರೆ ಆ ಮೀನು ಊರಿನವರಿಗೇ ಸಾಲುವುದಿಲ್ಲ. ಚೆನ್ನೈ, ವಿಶಾಖಪಟ್ಟಣದ ಕಡೆಯಿಂದ ತರಿಸೋಣ ಅಂದರೆ ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ತನಕ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಾಗಿಲು ಬಂದ್.

ಆ ಹೊತ್ತಿನಲ್ಲೂ ಬೆಂಗಳೂರಿನ ರೆಸ್ಟೋರೆಂಟುಗಳ ಮೆನುವಿನಲ್ಲಿ ಎಲ್ಲ ಮೀನೂ ಇರುತ್ತದೆ. ಕೋಲ್ಡ್ ಸ್ಟೋರೇಜ್‌ನಿಂದ ಬಂದದ್ದು ಇರುತ್ತದೆ, ಸಾಕಣೆಯ ಸಿಗಡಿ ಇರುತ್ತದೆ, ಕೆರೆ ಹೊಳೆಯ ಮೀನೂ ಇರುತ್ತದೆ. ತಪ್ಪೇನಲ್ಲ, ಸರಿಯಾಗಿ ಫ್ರೀಜ್ ಮಾಡಿದ ಸಿಗಡಿ ಚೆನ್ನಾಗಿಯೇ ಇರುತ್ತದೆ. ಆದರೆ ವಿಶೇಷ ದಿನಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟು, ಹುಟ್ಟಿದಂದಿನಿಂದ ಮಲ್ಪೆ ಮೀನು ತಿಂದವರಿಗೆ ಫ್ರೀಜರ್ ಮೀನು ತಿನ್ನಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ಆಗಸ್ಟ್ 1ಕ್ಕೆ ಬೋಟು ಇಳಿಯುತ್ತದೆ. ಆದರೆ ಆಗ ಶ್ರಾವಣ. ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಹಾಲು ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ, ಮೀನು ರಾಶಿ ಬೀಳುವುದು ಆಮೇಲೆ. ಅಷ್ಟರಲ್ಲಿ ಸೋಣ ತಿಂಗಳ ಶನಿವಾರಗಳು, ಚೌತಿ, ನವರಾತ್ರಿ. ಇದರ ಮೇಲೆ ಅಮ್ಮನಿಗೆ ಸೋಮವಾರ, ಶನಿವಾರ, ಸಂಕಷ್ಟಿ ಮೀನಿಲ್ಲ. ತಮ್ಮನಿಗೆ ತಿಂಗಳ ಕೊನೆಯಲ್ಲಿ ರಿಲೀಸ್ ಇರುತ್ತದೆ, ನನಗೆ ಎರಡನೇ ವಾರ ಆನ್‌ಕಾಲ್. ಇಷ್ಟೆಲ್ಲ ಕಂಡೀಷನ್ ಹಾಕಿ ಕ್ಯಾಲೆಂಡರ್ ಫಿಲ್ಟರ್ ಮಾಡಿದಾಗ ಉಳಿದದ್ದು ದಸರಾ ಕಳೆದ ಮೇಲಿನ ಒಂದು ಬುಧವಾರ. ಜ್ಯೋತಿಷಿಗಳಿಗೆ ಇದಕ್ಕಿಂತ ಸುಲಭದ ಕೆಲಸ ಇರಬೇಕು.

ಹಾಗೆ ಜೂನ್‌ನ ವಾರ್ಷಿಕೋತ್ಸವ ಅಕ್ಟೋಬರ್‌ನಲ್ಲಿ ಆಯಿತು. ಅಪ್ಪನಿಗೆ ಕಾರಣ ಹೇಳಿದಾಗ, "ಸರಿ ಮಾಡಿದೆ. ಜೂನಲ್ಲಿ ತಿನ್ನುವುದು ಮೀನಾ?" ಅಂದರು. ಸಾಧ್ಯವಾದರೆ ನೀವೂ ವಾರದ ಮಧ್ಯದ ಮಧ್ಯಾಹ್ನಕ್ಕೇ ಬುಕ್ ಮಾಡಿ. ಭಾನುವಾರ ರಾತ್ರಿ ಆ ಗದ್ದಲದಲ್ಲಿ ವೇಟರ್‌ಗೆ ನಿಮ್ಮ ಜೊತೆ ಎರಡು ನಿಮಿಷ ಮಾತಾಡಲಿಕ್ಕೂ ಪುರುಸೊತ್ತು ಇರುವುದಿಲ್ಲ. ಸೀಫುಡ್ ಜಾಗದಲ್ಲಿ ಆ ಎರಡು ನಿಮಿಷ ತುಂಬ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ದುಡ್ಡು ಯಾವುದಕ್ಕೆ?

"ಬಂಗುಡೆಗೆ ಇಷ್ಟು ರೇಟಾ?" ಅಂತ ಊರಿನವರು ಕೇಳದೆ ಬಿಡುವುದಿಲ್ಲ. ನ್ಯಾಯವಾದ ಪ್ರಶ್ನೆ. ಊರಲ್ಲಿ ಮೀನಿನ ಹೋಟೆಲ್ ಅಂದರೆ ಕುಚಲಕ್ಕಿ ಅನ್ನ, ಮೀನಿನ ಸಾರು, ಒಂದು ಫ್ರೈ, ಅಷ್ಟೇ. ಕೈ ತೊಳೆದು ಎದ್ದು ಹೋಗುತ್ತಿರಬೇಕು, ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಈ ಊಟಕ್ಕೆ ಸ್ಟಾರ್ ಹೋಟೆಲಿನ ಟೇಬಲ್ ಸಿಕ್ಕಿ ಬಹಳ ವರ್ಷವೇನೂ ಆಗಿಲ್ಲ. ಮುಂಬೈಗೆ ಹೋದ ನಮ್ಮ ಕಡೆಯವರು ಅಲ್ಲಿ ಲಂಚ್ ಹೋಮ್‌ಗಳನ್ನು ತೆರೆದರು, ಅದರಲ್ಲಿ ಕೆಲವು ಬೆಳೆದು ದೊಡ್ಡ ಸೀಫುಡ್ ರೆಸ್ಟೋರೆಂಟ್‌ಗಳಾದವು. ಬೆಂಗಳೂರಿನಲ್ಲಿ 1990ರಲ್ಲಿ ರೆಸಿಡೆನ್ಸಿ ರಸ್ತೆಯ ತಾಜ್ ಗುಂಪಿನ ಹೋಟೆಲ್‌ನಲ್ಲಿ 'ಕರಾವಳಿ' ಶುರುವಾಯಿತು. ಮಂಗಳೂರು, ಗೋವಾ, ಕೇರಳದ ಮನೆ ಅಡುಗೆಯನ್ನು ಮನೆಗಳಿಗೇ ಹೋಗಿ ಕಲಿತು ಬಂದು ಮಾಡಿದ ಮೆನು ಅದು. ಅಲ್ಲಿ ಬಹುಕಾಲ ಅಡುಗೆ ನೋಡಿಕೊಂಡ ಶೆಫ್ ನರೇನ್ ತಿಮ್ಮಯ್ಯ ಕೊಡಗಿನವರು. ಅಲ್ಲಿಂದಲೇ ಲಂಡನ್ನಿಗೆ ಹೋದ ಶೆಫ್ ಶ್ರೀರಾಮ್ ಐಲೂರ್ ಅವರ 'ಕ್ವಿಲಾನ್' ರೆಸ್ಟೋರೆಂಟಿಗೆ 2008ರಲ್ಲಿ ಮಿಷೆಲಿನ್ ಸ್ಟಾರ್ ಕೂಡ ಬಂತು. ಅಂದರೆ ಈಗ ನಾವು ಕಣ್ಣರಳಿಸಿ ನೋಡುವ ಮೆನುವಿನ ಬೇರು ನಮ್ಮ ಅಮ್ಮಂದಿರ, ಅಜ್ಜಿಯರ ಒಲೆಯಲ್ಲೇ ಇದೆ.

ಹಾಗಿದ್ದರೂ ಸುಮ್ಮನೆ ರೇಟು ಹಾಕುತ್ತಾರೆ ಅನ್ನುವಂತಿಲ್ಲ. ಮಂಗಳೂರಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಮೀನು ರಾತ್ರಿಯಿಡೀ ಐಸ್ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ ಬರಬೇಕು. ಇನ್ನೊಂದು ವಿಷಯ ಒಳನಾಡಿನವರಿಗೆ ಗೊತ್ತಿರುವುದಿಲ್ಲ. ಆಳಸಮುದ್ರಕ್ಕೆ ಹೋಗುವ ದೊಡ್ಡ ಬೋಟುಗಳು ಒಂದು ವಾರ, ಹತ್ತು ದಿನ ಕಡಲಲ್ಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನು ದಡ ಮುಟ್ಟುವ ಹೊತ್ತಿಗೇ ಅದಕ್ಕೆ ಒಂದು ವಾರದ ವಯಸ್ಸು. ಹಾಗಾಗಿ 'ಇವತ್ತೇ ಬಂದದ್ದು' ಅಂದರೆ 'ಇವತ್ತೇ ಹಿಡಿದದ್ದು' ಅಂತ ಅಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಸಣ್ಣ ದೋಣಿಗಳ ಮೀನಿಗೆ ಬೇರೆಯೇ ರುಚಿ, ಬೇರೆಯೇ ಬೆಲೆ. ಒಳ್ಳೆಯ ರೆಸ್ಟೋರೆಂಟ್ ಈ ವ್ಯತ್ಯಾಸಕ್ಕೆ ದುಡ್ಡು ತೆಗೆದುಕೊಳ್ಳುತ್ತದೆ. ಕೊಟ್ಟ ದುಡ್ಡಿಗೆ ಅದು ನಿಜವಾಗಿ ಸಿಕ್ಕಿತಾ ಅಂತ ನೋಡುವವರು ಬೇಕಲ್ಲ, ಅದಕ್ಕೇ ಅಮ್ಮ.

"ಒಮ್ಮೆ ತೋರಿಸ್ತೀರಾ?"

ನಾವು ಹೋದ ಜಾಗದ ಹೆಸರು ಇಲ್ಲಿ ಬೇಡ. ಐದು ಜನ: ಅಪ್ಪ, ಅಮ್ಮ, ತಮ್ಮ, ನಾನು, ನನ್ನ ಗಂಡ. ಗಂಡ ಮಂಡ್ಯದವರು. ಕೆರೆ ಮೀನಿನ ಸಾರು, ಮುದ್ದೆ ಗೊತ್ತು. ಸಮುದ್ರದ ಮೀನು ಅಂದರೆ ಅವರಿಗೆ ಮುಳ್ಳಿನ ಭಯ.

ಮೆನು ಬಂತು. ನಾನೂ ತಮ್ಮನೂ ಮೊದಲೇ ಮಾತಾಡಿಕೊಂಡ ಹಾಗೆ ಅದನ್ನು ಮುಚ್ಚಿ ಅಮ್ಮನ ಮುಂದೆ ಇಟ್ಟೆವು. "ಇವತ್ತು ಎಂತ ತಿನ್ನುವುದು ಅಂತ ನೀವೇ ಹೇಳಬೇಕು." ಅಮ್ಮ ಕಾರ್ಡನ್ನು ಮುಟ್ಟಲೇ ಇಲ್ಲ. ವೇಟರ್ ಹುಡುಗನ ಮುಖ ನೋಡಿ, "ನಿಮ್ಮ ಊರು ಯಾವುದು?" ಅಂದರು.

"ಗಂಗೊಳ್ಳಿ ಅಮ್ಮ."

ಮುಗಿಯಿತು. ಅಲ್ಲಿಂದ ಮುಂದೆ ನಮ್ಮನ್ನು ಯಾರೂ ಕೇಳುವವರಿಲ್ಲ. ಗಂಗೊಳ್ಳಿಯಲ್ಲಿ ಈ ವರ್ಷ ಬೂತಾಯಿ ಹೇಗೆ, ಮನೆಯಲ್ಲಿ ಯಾರ್ಯಾರು ಇದ್ದಾರೆ, ಇಲ್ಲಿ ಊಟ ಕೊಡುತ್ತಾರಾ. ಆಮೇಲೆ ವಿಷಯಕ್ಕೆ ಬಂದರು. "ಅಂಜಲ್ ಹೇಗುಂಟು?"

ಹುಡುಗ ಒಂದು ಕ್ಷಣ ಮ್ಯಾನೇಜರ್ ಕಡೆ ನೋಡಿದ. "ಅಂಜಲ್ ಉಂಟಮ್ಮ. ಆದ್ರೆ ಕಾಣೆ ತಗೊಳ್ಳಿ. ಬೆಳಿಗ್ಗೆ ಬಂದದ್ದು."

ಈ ಒಂದು ವಾಕ್ಯ ಯಾವ ರಿವ್ಯೂನಲ್ಲೂ ಸಿಗುವುದಿಲ್ಲ. ಮೆನುವಿನಲ್ಲಿ ನಲವತ್ತು ಹೆಸರು ಇದ್ದರೂ ಆ ದಿನ ನಿಜಕ್ಕೂ ತಾಜಾ ಇರುವುದು ನಾಲ್ಕೋ ಐದೋ. ಅದು ಯಾವುದು ಅಂತ ಬಡಿಸುವವರಿಗೆ ಗೊತ್ತಿರುತ್ತದೆ. "ಏನು ಸ್ಪೆಷಲ್?" ಅಂತ ಕೇಳಿದರೆ ಖಾಲಿಯಾಗಬೇಕಾದದ್ದನ್ನು ಹೇಳಿಯಾರು. "ಇವತ್ತು ಬಂದದ್ದು ಯಾವುದು?" ಅಂತ ಕೇಳಿ.

"ಒಮ್ಮೆ ತೋರಿಸ್ತೀರಾ?" ಅಂದರು ಅಮ್ಮ. ಗಂಡನಿಗೆ ಮುಜುಗರ. ಆದರೆ ಒಳ್ಳೆಯ ಸೀಫುಡ್ ಜಾಗದಲ್ಲಿ ಇದು ಅಧಿಕಪ್ರಸಂಗ ಅಲ್ಲವೇ ಅಲ್ಲ, ಅವರೇ ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾರೆ. ಹುಡುಗ ತಂದ. ಅಮ್ಮ ಎಡಗೈಯಲ್ಲಿ ಕಿವಿರು ಎತ್ತಿ ನೋಡಿದರು, ಬೆರಳಿನಿಂದ ಹೊಟ್ಟೆಯ ಹತ್ತಿರ ಒತ್ತಿದರು. ಅಳಿಯನಿಗೆ ಪಾಠವೂ ಆಯಿತು. "ನೋಡಿ, ಕಣ್ಣು ಉಬ್ಬಿ ಹೊಳೀಬೇಕು. ಒಳಗೆ ಹೋದ್ರೆ, ಬೆಳ್ಳಗಾದ್ರೆ ಬೇಡ. ಕಿವಿರು ಕೆಂಪು ಇರ್ಬೇಕು. ಒತ್ತಿದ ಗುಂಡಿ ಹಾಗೇ ನಿಲ್ಬಾರ್ದು, ವಾಪಸ್ ಬರ್ಬೇಕು. ವಾಸನೆ ಕಡಲಿನದ್ದು ಬರ್ಬೇಕು, ಮೀನಿನದ್ದಲ್ಲ." ಏಡಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಗಾತ್ರ ದೊಡ್ಡದಿದ್ದು ಹಗುರ ಇದ್ದರೆ ಒಳಗೆ ಮಾಂಸ ಇಲ್ಲ ಅಂತ ಅರ್ಥ. ಮೊದಲ ಏಡಿ ವಾಪಸ್ ಹೋಯಿತು, ಎರಡನೆಯದು ಪಾಸಾಯಿತು. ನಮ್ಮ ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡುವವರಿಗೆ ಇಷ್ಟು ಶ್ರದ್ಧೆ ಇದ್ದಿದ್ದರೆ ನಾನು ಅರ್ಧರಾತ್ರಿ ಏಳಬೇಕಾಗಿರಲಿಲ್ಲ.

ಇಲ್ಲೇ ನೀವು ಕೇಳಿಕೊಳ್ಳಬೇಕಾದ ಇನ್ನೊಂದು ವಿಷಯ ತೂಕ. ಏಡಿ, ಲಾಬ್‌ಸ್ಟರ್, ಇಡೀ ಪಾಂಫ್ರೆಟ್ ಮುಂದೆ ಮೆನುವಿನಲ್ಲಿ ಬೆಲೆ ಇರುವುದಿಲ್ಲ, 'ಗಾತ್ರಕ್ಕೆ ತಕ್ಕಂತೆ' ಅಂತಲೋ 'ಮಾರುಕಟ್ಟೆ ಬೆಲೆ' ಅಂತಲೋ ಇರುತ್ತದೆ. ನಮಗೆ ಹೇಳಿದ್ದು 100 ಗ್ರಾಂಗೆ 320 ರೂಪಾಯಿ. ಕೇಳಲಿಕ್ಕೆ ಕಮ್ಮಿ. ನಮ್ಮ ಏಡಿ ತೂಗಿದ್ದು 850 ಗ್ರಾಂ, ಅಂದರೆ 2,720 ರೂಪಾಯಿ. ಅಡುಗೆಮನೆಗೆ ಹೋಗುವ ಮೊದಲೇ ತೂಕ, ಒಟ್ಟು ಬೆಲೆ ಎರಡೂ ಬಾಯಿಬಿಟ್ಟು ಕೇಳಿ. ಸಂಭ್ರಮದ ದಿನ ದುಡ್ಡಿನ ಮಾತು ಯಾಕೆ ಅಂತ ಸಂಕೋಚಪಟ್ಟರೆ ಬಿಲ್ ಬಂದಾಗ ಮುಖ ಸಣ್ಣದಾಗುತ್ತದೆ, ಅಪ್ಪ ಅಮ್ಮ ಅದನ್ನು ಕೂಡಲೇ ಓದುತ್ತಾರೆ. ಏಡಿ ಸಿಗಡಿ ಅಲರ್ಜಿ ಇರುವವರು ಟೇಬಲ್‌ನಲ್ಲಿ ಇದ್ದರೆ ಅದನ್ನೂ ಆಗಲೇ ಹೇಳಿಬಿಡಿ.

ಅಮ್ಮ ಹೇಳಿದ್ದು ಇಷ್ಟು: ಕಾಣೆ ರವಾ ಫ್ರೈ, ಏಡಿ ಸುಕ್ಕ, ಮರುವಾಯಿ, ಬಂಗುಡೆ ಪುಳಿಮುಂಚಿ, ನೀರುದೋಸೆ, ಸ್ವಲ್ಪ ಅನ್ನ, ಪುನರ್ಪುಳಿ ಶರಬತ್ತು. ತಮ್ಮನ ಹಠಕ್ಕೆ ಸಿಗಡಿ ಘೀ ರೋಸ್ಟ್. ಘೀ ರೋಸ್ಟ್ ಅಮ್ಮನ ಲೆಕ್ಕದಲ್ಲಿ ಮೀನಿನ ಅಡುಗೆಯೇ ಅಲ್ಲ. ಅದು ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಕೋಳಿ, ಸಿಗಡಿ ಏಡಿಗೆಲ್ಲ ಆಮೇಲೆ ಬಂದದ್ದು. "ಅಷ್ಟು ತುಪ್ಪ ಹಾಕಿದ್ರೆ ಚಪ್ಪಲಿಯೂ ರುಚಿಯಾಗ್ತದೆ" ಅಂದರು. ತಿನ್ನುವಾಗ ಮಾತ್ರ ಎರಡು ಸಲ ಬಡಿಸಿಕೊಂಡರು.

ಗಮನಿಸಿ, ಈ ಪಟ್ಟಿಯಲ್ಲಿ ಅಂಜಲ್, ಪಾಂಫ್ರೆಟ್, ಲಾಬ್‌ಸ್ಟರ್ ಯಾವುದೂ ಇಲ್ಲ. ನಾವು ಆರ್ಡರ್ ಮಾಡಿದ್ದರೆ ಅವೇ ಬರುತ್ತಿದ್ದವು, ಯಾಕೆಂದರೆ ದೊಡ್ಡ ಜಾಗಕ್ಕೆ ಹೋದರೆ ದುಬಾರಿ ಮೀನೇ ತಿನ್ನಬೇಕು ಅಂತ ನಮ್ಮ ತಲೆಯಲ್ಲಿ ಕೂತಿದೆ. ಬಂಗುಡೆಯಂಥ ಅಗ್ಗದ ಮೀನು ತಾಜಾ ಇದ್ದರೆ, ವಾರದ ಹಿಂದಿನ ಅಂಜಲ್ ಅದರ ಹತ್ತಿರವೂ ಬರುವುದಿಲ್ಲ.

ಕಾಣೆ ಬಂತು. ಒಬ್ಬೊಬ್ಬರ ತಟ್ಟೆಗೆ ಒಂದೊಂದು ಇಡೀ ಮೀನು. ನಮ್ಮ ಮನೆಯಲ್ಲಿ ಹಾಗಿಲ್ಲ. ದೊಡ್ಡ ಕಾಣೆಯಾದರೆ ಮೂರು ತುಂಡು. ನಡುವಿನದ್ದು ಅಪ್ಪನಿಗೆ, ನಮಗೆ. ತಲೆ, ಬಾಲ ಅಮ್ಮನಿಗೆ. ತಲೆಯಲ್ಲೇ ರುಚಿ ಇರುವುದು ಅಂತ ಅಮ್ಮ ಹೇಳುತ್ತಿದ್ದರು, ನಾವು ನಂಬಿದ್ದೆವು. ಅಮ್ಮ ತನ್ನ ತಟ್ಟೆಯ ಮೀನನ್ನು ಸ್ವಲ್ಪ ಹೊತ್ತು ನೋಡಿದರು. ಎಡಗೈ ಆಧಾರ ಕೊಟ್ಟು ಮುಳ್ಳಿನಿಂದ ಮಾಂಸ ಬಿಡಿಸಿದರು. ಕಾಣೆಯಲ್ಲಿ ನಡುವೆ ಒಂದು ಮುಳ್ಳು, ಸರಿಯಾಗಿ ಹಿಡಿದು ಎಳೆದರೆ ಪೂರ್ತಿ ಬರುತ್ತದೆ. ನಡುವಿನ ದಪ್ಪ ತುಂಡನ್ನು ಎತ್ತಿ ತಮ್ಮನ ತಟ್ಟೆಯ ಕಡೆ ಕೈ ಚಾಚಿದರು. ಅವನು ತಟ್ಟೆಯನ್ನೇ ಹಿಂದಕ್ಕೆ ಎಳೆದುಕೊಂಡ. "ನನ್ನದು ಇಲ್ಲುಂಟು ಅಮ್ಮ, ಇಡೀ ಉಂಟು." ಅಮ್ಮನ ಕೈ ಒಂದು ಕ್ಷಣ ಮೇಲೆಯೇ ಇತ್ತು. ಆಮೇಲೆ ಆ ತುಂಡನ್ನು ತಾವೇ ತಿಂದರು.

"ಹೇಗುಂಟು?" ಅಂತ ಅಪ್ಪ ಕೇಳಿದರು.

"ಉಪ್ಪು ಸ್ವಲ್ಪ ಕಮ್ಮಿ" ಅಂದರು ಅಮ್ಮ. ಮೀನು ಮಾತ್ರ ತಲೆಯಿಂದ ಬಾಲದ ತನಕ ಮುಗಿಯಿತು.

ಮಂಡ್ಯದ ಅಳಿಯನ ಸುದ್ದಿಯೂ ಹೇಳಬೇಕು. ಮುಳ್ಳಿನ ಹೆದರಿಕೆ ಇರುವವರನ್ನು ಕರೆದುಕೊಂಡು ಹೋದರೆ ಕಾಣೆ, ಅಂಜಲ್, ಪಾಂಫ್ರೆಟ್ ಸಲೀಸು. ಬಂಗುಡೆಗೆ ಸ್ವಲ್ಪ ಅಭ್ಯಾಸ ಬೇಕು, ಬೂತಾಯಿ ಮೊದಲ ದಿನಕ್ಕೆ ಬೇಡ. ಏಡಿಗೆ ಅಂತ ಅಡಕತ್ತರಿಯ ಥರದ ಇಕ್ಕಳ, ಉದ್ದನೆಯ ಕಡ್ಡಿ ಇಟ್ಟಿದ್ದರು. ಗಂಡ ಅದರ ಜೊತೆ ಕುಸ್ತಿ ಮಾಡುತ್ತಿದ್ದಾಗ ಅಪ್ಪ ಕಾಲನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿ ಮುಂದಿನದಕ್ಕೆ ಹೋಗಿದ್ದರು. ಎಷ್ಟೇ ದೊಡ್ಡ ಹೋಟೆಲ್ ಆಗಿರಲಿ, ಏಡಿಯನ್ನು ಕೈಯಲ್ಲೇ ತಿನ್ನಿ. ಪಕ್ಕದ ಟೇಬಲ್‌ನವರು ಫೋರ್ಕ್ ಹಿಡಿದು ನಮ್ಮನ್ನು ನೋಡುತ್ತಿದ್ದರು, ಅದು ಹೊಟ್ಟೆಕಿಚ್ಚು ಅಂತ ನನ್ನ ಊಹೆ.

ಬಿಲ್ ಮತ್ತು ಪಾರ್ಸೆಲ್

ಬಿಲ್‌ನಲ್ಲಿ ಊಟದ ಮೊತ್ತ 7,600 ರೂಪಾಯಿ. ಕೆಳಗೆ ಶೇಕಡಾ 10 ಸರ್ವಿಸ್ ಚಾರ್ಜ್ 760, ಎರಡೂ ಸೇರಿದ ಮೇಲೆ ಶೇಕಡಾ 5 ಜಿಎಸ್‌ಟಿ 418. ಒಟ್ಟು 8,778. ಈ ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ. ಅದನ್ನು ತಾವಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಜುಲೈ 2022ರಲ್ಲೇ ಹೇಳಿದೆ. ಮಾರ್ಚ್ 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಜಗಳ ಬೇಕಾಗಿಲ್ಲ, ಮೆಲ್ಲಗೆ "ಇದನ್ನು ತೆಗೆದುಕೊಡಿ" ಅಂದರೆ ಸಾಕು. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಮ್ಮಲ್ಲಿ ತೆಗೆದರು, 7,980 ಆಯಿತು. ಉಳಿದ ದುಡ್ಡಿನಲ್ಲಿ 500ರ ನೋಟನ್ನು ಗಂಗೊಳ್ಳಿಯ ಹುಡುಗನಿಗೆ ಅಮ್ಮನ ಕೈಯಿಂದಲೇ ಕೊಡಿಸಿದೆವು. ಒಂದು ಎಚ್ಚರಿಕೆ: ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ರೂಮುಗಳಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟ್ ಆದರೆ ಜಿಎಸ್‌ಟಿ ಶೇಕಡಾ 18. ಬಜೆಟ್ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಮೊತ್ತ ಎಷ್ಟಾಯಿತು ಅಂತ ಅಪ್ಪ ಕೇಳಿದರು, ನಾವು ಹೇಳಲಿಲ್ಲ. ಅಮ್ಮ ಕೇಳಲೇ ಇಲ್ಲ. ತೂಕ ಗೊತ್ತಿತ್ತಲ್ಲ, ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿದ್ದರು. ಕಾರಿನಲ್ಲಿ, "ಈ ದುಡ್ಡಿಗೆ ಊರಲ್ಲಿ ಒಂದು ತಿಂಗಳು ಮೀನು ಬರ್ತಿತ್ತು ಮಾರಾಯ್ತಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗ ಒಳ್ಳೆಯವ. ಅಂಜಲ್ ಹಳೆಯದು ಅಂತ ಬಾಯಿಬಿಟ್ಟು ಹೇಳ್ಲಿಲ್ಲ, ಆದ್ರೆ ಹೇಳಿದ" ಅಂದರು.

ಉಳಿದದ್ದನ್ನು ಕಟ್ಟಿಸಿಕೊಳ್ಳಲು ನಾಚಿಕೆ ಬೇಡ. ಫ್ರೈ ಮಾತ್ರ ಕಟ್ಟಿಸಬೇಡಿ, ಡಬ್ಬಿಯಲ್ಲಿ ಬೆವರಿ ಮೆತ್ತಗಾಗುತ್ತದೆ, ಅಲ್ಲೇ ತಿಂದು ಮುಗಿಸಿ. ಗಸಿ, ಪುಳಿಮುಂಚಿ ಕಟ್ಟಿಸಿ, ಮನೆಗೆ ಹೋದ ಕೂಡಲೇ ಫ್ರಿಡ್ಜ್‌ಗೆ ಇಡಿ. ಹುಳಿ ಖಾರ ಮೀನಿಗೆ ಹಿಡಿದು ಮರುದಿನಕ್ಕೆ ರುಚಿ ಇನ್ನೂ ಹೆಚ್ಚುತ್ತದೆ. ನಾವು ಎರಡು ಬಂಗುಡೆ, ಒಂದು ಬಟ್ಟಲು ಪುಳಿಮುಂಚಿ ತಂದಿದ್ದೆವು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಅಕ್ಕಿ ರುಬ್ಬಿ ನೀರುದೋಸೆಗೆ ಕಾವಲಿ ಇಟ್ಟಿದ್ದರು. ಪುಳಿಮುಂಚಿಯನ್ನು ಡಬ್ಬಿಯಿಂದ ನನ್ನ ಸ್ಟೀಲ್ ಪಾತ್ರೆಗೆ ಸುರಿದು, ಸ್ವಲ್ಪ ಉಪ್ಪು, ಎರಡು ಚಮಚ ತೆಂಗಿನೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕುದಿಯಲು ಬಿಟ್ಟಿದ್ದರು.